ನಾಲ್ಕುನೂರ ಹದಿನೇಳನೆಯ ಕೈ

ನಿಮ್ಮ ಕೈ ಎಲ್ಲಿಗೆ ಹೋಗಲಿದೆ ಎಂಬುದು ನಿಮಗಿಂತ ಅರೆಕ್ಷಣ ಮೊದಲೇ ನಿಮ್ಮ ಕಂಪ್ಯೂಟರಿಗೆ ತಿಳಿದರೆ ಏನಾದೀತು? ಹೋದ ತಿಂಗಳು ಬರೆದ ಪತ್ರ ಬೇಕಿತ್ತಲ್ಲ ಎಂದು ಅಂದುಕೊಳ್ಳುವಷ್ಟರಲ್ಲಿ ಅದು ಪರದೆಯ ಮೂಲೆಯಿಂದ ಎದ್ದು ಬಂದು ಬಾಣದ ಗುರುತಿನ ಕೆಳಗೆ ಕೂತಿದ್ದರೆ? ಧಾರವಾಡದ ಗುಡ್ಡವೊಂದರ ಮೇಲಿದ್ದ ಪಡಸಾಲೆ ಸಂಸ್ಥೆಯಲ್ಲಿ ಚಹಾದ ಹೊತ್ತಿಗೆ ಯಾರೋ ಎತ್ತಿದ ಈ ಪ್ರಶ್ನೆ ಐದು ವರ್ಷ ನೂರಿಪ್ಪತ್ತು ಜನರ ತಲೆ ತಿಂದಿತು. ಕೊನೆಗೆ ಉತ್ತರವೂ ಸಿಕ್ಕಿತು, ಉತ್ತರದ ಬೆನ್ನಿಗೇ ತಲೆನೋವೂ ಬಂತು.

ಪಡಸಾಲೆ ಎಂದರೆ ಆ ಕಾಲಕ್ಕೆ ರಾಜ್ಯದ ಮೇಜುಗಳ ಮೇಲಿನ ಕಂಪ್ಯೂಟರುಗಳಲ್ಲೆಲ್ಲ ಇದ್ದ ಕಾರ್ಯಾಚರಣೆ ವ್ಯವಸ್ಥೆ. ಗುಂಡಿ ಒತ್ತಿದ ಕೂಡಲೇ ಕಾಣುವ ಮೊದಲ ಪರದೆ, ಅದರ ಮೇಲಿನ ಚಿತ್ರಗಳು, ಹೆಸರು ಕೇಳುವ ಮೆಲುದನಿ, ಕಡತಗಳನ್ನು ಇಡುವ ತೆಗೆಯುವ ಏರ್ಪಾಡು ಎಲ್ಲವೂ ಅದರದೇ. ಎಂಟು ಆವೃತ್ತಿ ಕಳೆದರೂ ಅದರ ಮುಖ ಹೆಚ್ಚು ಬದಲಾಗಿರಲಿಲ್ಲ. ಒಂಬತ್ತನೆಯದರಲ್ಲಿ ಎಲ್ಲವೂ ಬದಲಾಗುವುದಿತ್ತು. ಹೊಸ ಪಡಸಾಲೆ ಮೌಸಿನ ಸಣ್ಣ ಅಲುಗಾಟವನ್ನೂ ಕೀಬೋರ್ಡಿನ ಮೇಲೆ ಬೆರಳು ಬೀಳುವ ಲಯವನ್ನೂ ಓದುತ್ತಿತ್ತು. ಮನುಷ್ಯನ ಕೈ ಎತ್ತಲಾದರೂ ಹೊರಡುವ ಮೊದಲು ಕಾಣದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕದಿಂದಲೇ ಮುಂದಿನ ಕೆಲಸವನ್ನು ಊಹಿಸಿ ಬೇಕಾದ್ದನ್ನು ತಂದಿಡುತ್ತಿತ್ತು. ಗುಪ್ತಪದದ ಗೋಜೂ ಇರಲಿಲ್ಲ. ಕೈಯ ಲಯವೇ ಮನುಷ್ಯನ ಗುರುತು. ಬೇರೆಯವರ ಕೈ ತಗುಲಿದರೆ ಪರದೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಮಂದಾಕಿನಿ ಹೆಬಸೂರ ಆ ಸಂಸ್ಥೆಯ ಪತ್ರಗಳ ಕೋಣೆಯಲ್ಲಿ ಕೂರುತ್ತಿದ್ದಳು. ಬಳಕೆದಾರರು ಬರೆದ ಬೈಗುಳ, ಹೊಗಳಿಕೆ, ಸಲಹೆಗಳನ್ನು ಓದಿ ಎಂಜಿನಿಯರುಗಳಿಗೆ ಅರ್ಥವಾಗುವ ಹಾಗೆ ಹೇಳುವುದು ಅವಳ ಕೆಲಸ. ಹನ್ನೆರಡು ವರ್ಷದಿಂದ ಅದನ್ನೇ ಮಾಡಿದ್ದರೂ ಅವಳಿಗೆ ಬೈಗುಳ ಬೇಸರ ತಂದಿರಲಿಲ್ಲ. ಬೈಯಲೆಂದು ಕೂತು ಎರಡು ಪುಟ ಬರೆಯುವವರಿಗೆ ಆ ಯಂತ್ರದ ಮೇಲೆ ಎಷ್ಟು ಅಕ್ಕರೆ ಇರಬೇಕು ಎಂದು ಅವಳ ಲೆಕ್ಕ.

ಐದು ಸಾವಿರ ಮನೆ, ಕಚೇರಿಗಳಿಗೆ ಒಂಬತ್ತನೆಯ ಆವೃತ್ತಿಯನ್ನು ಪರೀಕ್ಷೆಗೆಂದು ಕೊಟ್ಟು ತಿಂಗಳಾಗಿತ್ತು. ಬಾಗಲಕೋಟೆಯ ಗ್ರಂಥಪಾಲಕರೊಬ್ಬರು, "ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಂಪ್ಯೂಟರ್ ನನ್ನ ಮಾತು ಕೇಳುತ್ತಿದೆ, ಇದನ್ನು ಬೇಗ ಎಲ್ಲರಿಗೂ ಕೊಡಿ" ಎಂದು ಬರೆದಿದ್ದರು. ನಿವೃತ್ತ ಹೆಡ್ ಮಾಸ್ತರರೊಬ್ಬರಿಗೆ ಸಿಟ್ಟು. ಪರದೆಯ ಬಲತುದಿಯಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದ ಕಡತವೊಂದು ಜಾಗ ಬಿಟ್ಟು ಕದಲಿತ್ತು. ಅದರಲ್ಲಿ ಏನಿದೆ ಎಂಬುದು ಅವರಿಗೂ ನೆನಪಿಲ್ಲ, ಆದರೆ ಅದು ಅಲ್ಲೇ ಇರಬೇಕು. ಬ್ಯಾಂಕಿನ ಗುಮಾಸ್ತೆಯೊಬ್ಬಳು, "ಕೇಳುವ ಮೊದಲೇ ಬಡಿಸುವ ಬೀಗತಿಯ ಹಾಗಾಗಿದೆ, ಸಾಕು ಅನ್ನಲೂ ಸಂಕೋಚ" ಎಂದಿದ್ದಳು. ವಕೀಲರೊಬ್ಬರ ಚಿಂತೆ ಬೇರೆ: ನಾನೇನು ಮಾಡಲಿದ್ದೇನೆ ಎಂದು ಇದಕ್ಕೆ ಗೊತ್ತಾದರೆ ಇದು ಯಾರಿಗೆ ಹೇಳೀತು?

ಇವೆಲ್ಲ ಮಂದಾಕಿನಿ ಎದುರುನೋಡಿದ್ದ ಮಾತುಗಳೇ. ಅವಳ ನಿದ್ದೆ ಕೆಡಿಸಿದ್ದು ಬೇರೊಂದು ದೂರು. ನೂರರಲ್ಲಿ ಮೂವತ್ತು ಪತ್ರಗಳಲ್ಲಿ ಅದು ಯಾವುದೋ ಒಂದು ಸಾಲಿನಲ್ಲಿ ಇಣುಕುತ್ತಿತ್ತು. ಮಣಿಕಟ್ಟು ನೋಯುತ್ತದೆ. ಅರ್ಧ ಗಂಟೆಗೇ ಸುಸ್ತಾಗುತ್ತದೆ. ಇನ್ನೂ ಬೆರಳು ಕೀಬೋರ್ಡಿನ ಮೇಲಿರುವಾಗಲೇ ಮೌಸಿನ ಕೆಲಸ ಕೇಳುತ್ತದೆ. ಹಾವೇರಿಯ ಒಬ್ಬ ಟೈಪಿಸ್ಟ್ ನೇರವಾಗಿ ಬರೆದಿದ್ದ: "ಸ್ವಾಮಿ, ಇದನ್ನು ಯಾರಿಗಾಗಿ ಮಾಡಿದ್ದೀರಿ? ದೇವರು ನನಗೆ ಎರಡೇ ಕೈ ಕೊಟ್ಟಿದ್ದಾನೆ."

ಅವಳು ಆ ಪತ್ರವನ್ನು ಹಿಡಿದು ಪ್ರಯೋಗಾಲಯಕ್ಕೆ ಹೋದಳು. ಹೊಸ ಪಡಸಾಲೆಯ ರೂವಾರಿ ಡಾ. ಗುರುಪಾದ ಅರಳಿಕಟ್ಟಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ನಕ್ಷೆ. ಎರಡು ಗೆರೆಗಳು ಒಂದನ್ನೊಂದು ತಬ್ಬಿಕೊಂಡು ಓಡಿದ್ದವು. ಅದು ನಾಲ್ಕುನೂರ ಹದಿನೇಳನೆಯ ಕೈ. ಎಂಟನೆಯ ಆವೃತ್ತಿ ಬಳಸುತ್ತಿದ್ದವರಲ್ಲಿ ಒಪ್ಪಿಗೆ ಕೊಟ್ಟ ಒಂದು ಕೋಟಿ ಕೈಗಳ ಲಯವನ್ನು ಸಂಸ್ಥೆ ಹೆಸರಿಲ್ಲದೆ, ಬರೀ ಸಂಖ್ಯೆ ಹಾಕಿ ಕೂಡಿಸಿಟ್ಟಿತ್ತು. ಅವುಗಳಲ್ಲೆಲ್ಲ ಇದು ಮಿಗಿಲು. ನಮ್ಮ ನಿಮ್ಮಂಥವರ ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಿ ಬರಲು ಅರೆ ಸೆಕೆಂಡು ಹಿಡಿಯುತ್ತದೆ. ಈ ಕೈಗೆ ಅಂಥ ಅಂತರವೇ ಇರಲಿಲ್ಲ. ಕೊನೆಯ ಅಕ್ಷರ ಬೀಳುತ್ತಿದ್ದ ಕ್ಷಣಕ್ಕೇ ಮೌಸು ಮುಂದಿನ ಜಾಗದಲ್ಲಿರುತ್ತಿತ್ತು. ಎಡಗೈಯಲ್ಲಿ ಮೌಸು ಹಿಡಿದು ಬಲಗೈಯಲ್ಲಿ ಟೈಪು ಮಾಡುವ ಮಹಾಶಯರಿದ್ದಾರೆ, ಇವರು ಅವರ ಗುರು ಇರಬೇಕು ಎಂದು ಪ್ರಯೋಗಾಲಯ ತೀರ್ಮಾನಿಸಿತ್ತು. ಹೊಸ ಪಡಸಾಲೆ ಊಹೆ ಮಾಡುವುದನ್ನು ಕಲಿತದ್ದೇ ಆ ಕೈಯಿಂದ.

"ಸರ್, ಮಂದಿಗೆ ಕೈ ನೋಯಾಕತ್ತೈತಿ" ಎಂದಳು ಮಂದಾಕಿನಿ.

"ಹೊಸ ಚಪ್ಪಲಿ ಮೊದಲ ನಾಕು ದಿನ ಕಚ್ಚತಾವ್ರಿ."

"ನಾಕು ದಿನ ಅಲ್ಲ ಸರ್, ತಿಂಗಳಾತು. ಆ ನಾಲ್ಕುನೂರ ಹದಿನೇಳು ಕೆಲಸ ಮಾಡೂದನ್ನ ಯಾರರೇ ಕಣ್ಣಾರೆ ನೋಡೀರೇನು?"

ಅರಳಿಕಟ್ಟಿ ಕನ್ನಡಕ ತೆಗೆದರು. ಮೂರು ವರ್ಷ ದಿನಾ ನೋಡಿದ್ದರೂ ಅವರು ನೋಡಿದ್ದು ನಕ್ಷೆಯನ್ನಷ್ಟೇ. ಎಲ್ಲರಿಗೂ ಹಂಚುವುದಕ್ಕೆ ಇನ್ನು ನಲವತ್ತು ದಿನ ಉಳಿದಿತ್ತು. ಆದರೂ ಅವರು ಸಣ್ಣ ಮನುಷ್ಯರಲ್ಲ. "ಹೋಗಿ ಬರ್ರಿ" ಎಂದರು. "ಹೋದ್ರ ನನ್ನ ಲೆಕ್ಕದಾಗೊಂದು ನಮಸ್ಕಾರ ಮಾಡಿ ಬರ್ರಿ ಅವರಿಗೆ. ಅಂಥಾ ಕೈ ನಾ ಕಂಡಿಲ್ಲ."

ಆ ಸಂಖ್ಯೆಯ ಯಂತ್ರಕ್ಕೆ ಒಂದು ಸಂದೇಶ ಹೋಯಿತು: ನಿಮ್ಮನ್ನು ನೋಡಲು ಬರಬಹುದೇ? ಉತ್ತರ ಬರಲು ಎರಡು ದಿನ ಹಿಡಿಯಿತು. ರೋಣದ ತಹಶೀಲ್ದಾರ ಕಚೇರಿಯ ಎದುರಿಗಿನ ಅರ್ಜಿ ಕೇಂದ್ರ. ಪರವಾನಗಿ ಮಹಾನಂದಾ ಶಿವಯೋಗಿ ಮೆಣಸಗಿ ಅವರ ಹೆಸರಿನಲ್ಲಿ. ಕೊನೆಗೆ ಒಂದು ಸಾಲು: ಬರೋದಾದರೆ ಊಟಕ್ಕೆ ಬರಬೇಕು.

ಮಂದಾಕಿನಿ ಹೋದಾಗ ಹನ್ನೊಂದು ಗಂಟೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತರ ಆಸುಪಾಸಿನ ಮಹಾನಂದಾ ಒಬ್ಬಳೇ ಯಂತ್ರದ ಮುಂದೆ ಕೂತಿದ್ದಳು. ಗಂಡ ಬಸ್ಸಿನ ಡ್ರೈವರು, ಡ್ಯೂಟಿಗೆ ಹೋಗಿದ್ದ. ಒಳಗಿನಿಂದ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ಮಂದಾಕಿನಿ ಮಕ್ಕಳ ಹಾಗೆ ಕುತೂಹಲದಿಂದ ಪಕ್ಕದಲ್ಲಿ ನಿಂತಳು. ಹೊಲದ ಉತಾರ, ಅಂದರೆ ಪಹಣಿ, ಬೇಕೆಂದು ಬಂದ ಮುದುಕನೊಬ್ಬನ ಅರ್ಜಿ ತುಂಬುವುದನ್ನು ನೋಡಿದಳು.

ಮಹಾನಂದಾ ಟೈಪು ಮಾಡಿದ್ದು ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಸಲವೂ ಮೌಸಿಗೆ ಕೈ ಹಾಕುವಾಗ ತಡಕಾಡಿದಳು. ತೆರೆಯಬೇಕಾದ ಕಡೆ ಮುಚ್ಚಿದಳು. ಪರದೆಯ ಮೇಲೆ ಬಾಣ ಎಲ್ಲಿದೆ ಎಂದೇ ಒಮ್ಮೆ ಹುಡುಕಿದಳು. ಹಣೆಯಲ್ಲಿ ಬೆವರೊಡೆಯಿತು. ಮುದುಕನಿಗೇ ತಾಳ್ಮೆ ತಪ್ಪಿತು.

"ಯಾಕವ್ವಾ, ಇವತ್ತು ಹಿಂಗ್ಯಾಕ ಎಳಿಯಾಕತ್ತಿ? ದಿನಾ ಚಾ ಕುಡಿಯೂದ್ರಾಗ ಕೈಯಾಗ ಕಾಗದ ಇಟ್ಟಿರ್ತಿದ್ರಿ."

"ಸುಮ್ನ ಕುಂದರಪಾ ಕಾಕಾ, ಮಿಷನ್ ಸ್ವಲ್ಪ ಮಂದ ಆಗೈತಿ" ಎಂದಳು ಮಹಾನಂದಾ, ಮಂದಾಕಿನಿಯ ಮುಖ ನೋಡದೆ.

ಧಾರವಾಡದ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಕೂತಿದ್ದ ಕೈ ಇದಲ್ಲ ಎನ್ನಲು ವಿಜ್ಞಾನ ಓದಿರಬೇಕಾಗಿರಲಿಲ್ಲ. ಎಲ್ಲೋ ಸಂಖ್ಯೆ ಅದಲುಬದಲಾಗಿದೆ ಎಂದು ಮಂದಾಕಿನಿ ಅಂದುಕೊಂಡಳು. ಅಷ್ಟು ದೂರ ಬಂದದ್ದು ದಂಡವಾಯಿತು ಎಂದು ಬೇಸರವೂ ಆಯಿತು. ಆದರೆ ಊಟಕ್ಕೆ ಒಪ್ಪಿಯಾಗಿತ್ತು.

ಒಂದು ಗಂಟೆಗೆ ಮಹಾನಂದಾ ಅಂಗಡಿಯ ಬಾಗಿಲು ಮುಂದೆ ಮಾಡಿ ಅಡುಗೆಮನೆಗೆ ಕರೆದಳು. ಒಲೆಯ ಮುಂದೆ ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. "ನಮ್ಮ ಅಕ್ಕ ರೀ, ಬಸಲಿಂಗವ್ವ. ನಮ್ಮ ಭಾವನಾರ ಹೆಂಡ್ತಿ. ಭಾವನಾರು ತೀರಿ ಹದಿನೈದು ವರ್ಷ ಆತು" ಎಂದು ಮಹಾನಂದಾ ಪರಿಚಯಿಸಿದಳು. ಅಂದರೆ ಇಬ್ಬರೂ ನೆಗೆಣ್ಣಿಯರು. ಲೋಕದಲ್ಲಿ ಅಣ್ಣ ತಮ್ಮಂದಿರ ಹೆಂಡಂದಿರು ಒಂದೇ ಒಲೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವುದೇ ಸುದ್ದಿ. ಇವರು ಬಿಸಿ ರೊಟ್ಟಿ ಬಡಿಸಲು ಜೊತೆಗೇ ಕೂತರು.

ಮಹಾನಂದಾ ಹಲಗೆಯ ಮೇಲೆ ಜೋಳದ ಹಿಟ್ಟನ್ನು ತಟ್ಟುತ್ತಿದ್ದಳು. ಬಸಲಿಂಗವ್ವ ಹಂಚಿನ ಬಳಿ. ತಟ್ಟುವ ಕೈಯ ಕೊನೆಯ ಏಟು ಬಿದ್ದ ಕ್ಷಣಕ್ಕೇ ಬೇಯಿಸುವ ಕೈ ಹಂಚಿನ ಮೇಲಿನ ರೊಟ್ಟಿಯನ್ನು ಎತ್ತಿರುತ್ತಿತ್ತು, ಹೊಸದು ಬಂದು ಬೀಳುತ್ತಿತ್ತು, ಒದ್ದೆ ಬಟ್ಟೆ ಅದರ ಮೇಲೆ ಹರಿದಾಡುತ್ತಿತ್ತು. ಇಬ್ಬರೂ ರೊಟ್ಟಿಯ ಕಡೆ ನೋಡುತ್ತಿರಲಿಲ್ಲ. ಒಬ್ಬಳು ಮಂದಾಕಿನಿಯ ಊರು ಕೇರಿ ವಿಚಾರಿಸುತ್ತಿದ್ದಳು, ಇನ್ನೊಬ್ಬಳು ಬದನೆಕಾಯಿ ಪಲ್ಯಕ್ಕೆ ಖಾರ ಸಾಲದೇನೋ ಎಂದು ಪೇಚಾಡುತ್ತಿದ್ದಳು. ಹಂಚು ಒಮ್ಮೆಯೂ ಬರಿದಾಗಲಿಲ್ಲ.

ಮಂದಾಕಿನಿಯ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಎರಡು ಗೆರೆ ತಬ್ಬಿಕೊಂಡು ಓಡಿದ ಆ ನಕ್ಷೆ ಅವಳ ಕಣ್ಣೆದುರಿಗೇ ನಡೆಯುತ್ತಿತ್ತು.

"ಕಂಪ್ಯೂಟರ್ ಮುಂದನೂ ಹಿಂಗ ಕೂಡತೀರೇನ್ರಿ?" ಎಂದು ಕೇಳಿದಳು.

ಎರಡೂ ಕೈ ನಿಂತವು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೇಬಿಟ್ಟಳು.

"ನಂದ ತಪ್ಪು ರೀ ಮೇಡಂ, ಅಕ್ಕಂದೇನಿಲ್ಲ. ಲೈಸೆನ್ಸಿನ್ಯಾಗ ಒಬ್ಬರೇ ಕುಂದರಬೇಕಂತ ಐತಿ. ಇನ್ನೊಬ್ಬರು ಮುಟ್ಟಿದ್ರ ರದ್ದು. ಮೊದಲ ವರ್ಷ ಮಗಳು ತೊಡಿಮ್ಯಾಲೆ ಮಲಗಿರ್ತಿದ್ದಳು, ನನಗ ಮೌಸು ಎಟಕತಿರಲಿಲ್ಲ. 'ಅಕ್ಕಾ, ಇದನ್ನಷ್ಟು ಒತ್ತು' ಅಂದೆ. ಒತ್ತಿದಳು. ಆಮ್ಯಾಲೆ ಹೇಳೂದೇ ಬೇಕಾಗಲಿಲ್ಲ. ಹನ್ನೊಂದು ವರ್ಷ ಆತ್ರಿ."

"ನನಗ ಓದಾಕ ಬರಂಗಿಲ್ರಿ ಅಕ್ಕಾರ" ಎಂದಳು ಬಸಲಿಂಗವ್ವ, ಸೀದ ರೊಟ್ಟಿಯನ್ನು ಬದಿಗಿಡುತ್ತ. "ಯಾವ ಚಿತ್ರ ಎಲ್ಲಿ ಐತಿ, ಯಾವ ಬಣ್ಣದ್ದು ಒತ್ತಿದ್ರ ಏನ್ ಬರ್ತೈತಿ, ಅಷ್ಟು ಗೊತ್ತು. ಆಕಿ ಬೆರಳಿನ ಸಪ್ಪಳ ಕೇಳಿದ್ರ ಸಾಕು, ಮುಂದ ಎಲ್ಲಿಗ್ ಹೋಗಬೇಕಂತ ತಿಳೀತೈತಿ."

ಊಟ ಮುಗಿದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡೇ ಇಬ್ಬರೂ ಮಂದಾಕಿನಿಗಾಗಿ ಒಂದು ಅರ್ಜಿ ತುಂಬಿದರು. ವಾರಸುದಾರರ ಹೆಸರು ಸೇರಿಸುವ ಅರ್ಜಿ, ಹದಿನಾರು ಪುಟದ್ದು. ಬೇರೆಡೆ ಒಂದು ಮುಂಜಾನೆ ಹಿಡಿಯುವಂಥದು. ಇವರು ಹತ್ತು ನಿಮಿಷದೊಳಗೆ ಮುಗಿಸಿದರು. ಒಂದು ಮಾತಿಲ್ಲ, ಕಣ್ಸನ್ನೆಯಿಲ್ಲ. ಮಂದಾಕಿನಿ ಕೈಮುಗಿದಳು. ಅರಳಿಕಟ್ಟಿಯವರ ಲೆಕ್ಕದ ನಮಸ್ಕಾರವೂ ಅದರಲ್ಲೇ ಸೇರಿಹೋಯಿತು.

"ಪೇಪರಿನ್ಯಾಗ ಬಂದಿತ್ತಂತ" ಎಂದಳು ಬಸಲಿಂಗವ್ವ. "ಹೊಸದು ಬಂದ್ರ ಕೈ ಗುರ್ತು ಹಿಡಿತೈತಂತ. ಹಂಗಾದ್ರ ನಂದೇನ್ರಿ? ನಾ ಮುಟ್ಟಿದ್ರ ಮುಚ್ಚಿಕೋತೈತಿ. ಇವರು ಪೀಡಾ ಅಂತ ಬರೇ ಕೂಳು ಹಾಕಿ ಇಟ್ಟಗೊಂಡವರಲ್ಲ, ನಂಗೂ ಗೊತ್ತೈತಿ. ಆದ್ರ ಈ ಮನ್ಯಾಗ ನಾ ದುಡದು ತಿನ್ನಾಕಿ ಅಂತ ಕುಂದರೂ ಜಾಗ ಇದೊಂದೇ ರೀ."

ಮಂದಾಕಿನಿ ಸುಳ್ಳು ಹೇಳಲಿಲ್ಲ. ಹೊಸ ಪಡಸಾಲೆ ಬಂದ ಮೊದಲ ದಿನವೇ ಹಾಗಾಗುತ್ತದೆ ಎಂದಳು. ಜೊತೆಗೆ ಇನ್ನೊಂದನ್ನೂ ಹೇಳಿದಳು: ಅವರಿಬ್ಬರನ್ನು ಒಬ್ಬರೆಂದು ತಿಳಿದು ಆ ಯಂತ್ರವನ್ನು ಕಟ್ಟಿದ್ದಾರೆ, ಅದಕ್ಕೇ ಅದನ್ನು ಬಳಸುವ ಸಾವಿರಾರು ಜನರ ಕೈ ನೋಯುತ್ತಿದೆ. ಇದನ್ನು ಸಂಸ್ಥೆಗೆ ಹೇಳದೆ ಅದು ಸರಿಹೋಗದು. ಹೇಳಿದರೆ ಇವರ ಗುಟ್ಟು ರಟ್ಟಾಗುತ್ತದೆ. ನೀವು ಬೇಡ ಎಂದರೆ ನಾನು ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು.

ಮಹಾನಂದಾ ಬಾಯಿ ತೆರೆಯುವ ಮೊದಲೇ ಬಸಲಿಂಗವ್ವ ಕೇಳಿದಳು: "ಎಷ್ಟು ಮಂದಿಗೆ ನೋಯಾಕತ್ತೈತ್ರಿ?"

"ಈಗ ಒಂದೂವರೆ ಸಾವಿರ. ಎಲ್ಲಾರಿಗೂ ಹಂಚಿದ್ರ ಮೂವತ್ತು ಲಕ್ಷ ಆಗಬಹುದು."

"ಅಯ್ಯ ಶಿವನ! ನಮ್ಮ ಕೈ ನೋಡಿ ಮಾಡಿ ಅಷ್ಟು ಮಂದಿ ಕೈ ಮುರಿಯೂದಽ? ಬ್ಯಾಡ್ರಿ. ಹೇಳಿಬಿಡ್ರಿ."

"ಅಕ್ಕಾ!" ಎಂದಳು ಮಹಾನಂದಾ.

"ಸುಮ್ನಿರ, ಮಾನಂದಾ. ಕಂಡವರ ಮಕ್ಕಳ ಶಾಪ ಯಾಕ ಬೇಕು ನಮಗ?"

ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಮಂದಾಕಿನಿಗೆ ಆ ಮಾತೇ ಕಿವಿಯಲ್ಲಿ. ಓದು ಬಾರದ ಒಬ್ಬ ಹೆಂಗಸು, ಎಂದೂ ಮುಖ ಕಾಣದ ಜನರ ಮಣಿಕಟ್ಟಿಗಾಗಿ ತಾನು ಕೂರುವ ಒಂದೇ ಜಾಗವನ್ನು ಬಿಟ್ಟುಕೊಟ್ಟಿದ್ದಳು. ಆ ಜಾಗವನ್ನು ಉಳಿಸದಿದ್ದರೆ ತಾನು ಪತ್ರ ಓದುವ ಕೆಲಸಕ್ಕೇ ನಾಲಾಯಕ್ಕು ಎಂದು ಅವಳಿಗೆ ಖಂಡಿತ ಅನ್ನಿಸಿತು.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಅವಳು ಹೇಳಿ ಮುಗಿಸಿದಾಗ ಅರಳಿಕಟ್ಟಿ ಎದ್ದು ಗೋಡೆಯ ಚೌಕಟ್ಟನ್ನು ಇಳಿಸಿ, ಅದನ್ನು ಮೇಜಿನ ಮೇಲೆ ಮಲಗಿಸಿ, ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ನಗು ಬಂತು, ನಗು ಜೋರಾಯಿತು.

"ಮೂರು ವರ್ಷ! ನನ್ನ ಹೆಂಡ್ತಿ ಮತ್ತ ನನ್ನ ತಾಯಿ ದಿನಾ ಹಂಗ ರೊಟ್ಟಿ ಮಾಡತಿದ್ರು ನನ್ನ ಕಣ್ಣ ಮುಂದ. ಉಂಡು ಎದ್ದು ಬಂದು ಇಲ್ಲಿ ಕೂತು ಇದ್ಯಾವ ಮಹಾಪುರುಷ ಅಂತ ತಲಿ ಕೆರಕೊಂಡೀನಿ."

ಎಂಜಿನಿಯರುಗಳು ಸಲೀಸಾದ ದಾರಿ ಹೇಳಿದರು. ಈ ಒಂದು ಕೈಯನ್ನು ತೆಗೆದುಹಾಕಿದರೆ ಲೆಕ್ಕ ಸರಿಯಾಗುತ್ತದೆ, ಎರಡು ವಾರದ ಕೆಲಸ, ಹೇಳಿದ ದಿನಕ್ಕೇ ಹಂಚಬಹುದು. ಮಂದಾಕಿನಿ ಎದ್ದು ನಿಂತಳು. ಎಂಜಿನಿಯರುಗಳ ಸಭೆಯಲ್ಲಿ ಅವಳು ಎದ್ದು ನಿಂತದ್ದು ಅದೇ ಮೊದಲು.

"ಇವರು ಸಿಕ್ಕಿದ್ದು ಇಬ್ಬರ ಲಯ ಕೂಡಿತ್ತು ಅಂತ. ಕೂಡದಿದ್ದವರನ್ನ ಏನ್ ಮಾಡೀರಿ ಸರ್?"

ಲಯ ತಾಳತಪ್ಪಿದ ಕೈಗಳನ್ನು ಮೊದಲ ಜರಡಿಯಲ್ಲೇ ಕಸವೆಂದು ಎಸೆಯುತ್ತಿದ್ದರು. ಸದ್ಯ ಎಸೆದದ್ದನ್ನು ಯಾರೂ ಅಳಿಸಿರಲಿಲ್ಲ. ಅರಳಿಕಟ್ಟಿ ಅದನ್ನೆಲ್ಲ ತೆರೆಸಿದರು. ಹದಿನೆಂಟು ಲಕ್ಷ ಕೈಗಳಿದ್ದವು. ಹೆಸರಿಲ್ಲದ ಆ ಗೆರೆಗಳನ್ನು ಬಿಡಿಸಿ ನೋಡುತ್ತ ಹೋದರೆ ಪ್ರತಿಯೊಂದರಲ್ಲೂ ಇಬ್ಬರು ಕೂತಿದ್ದರು. ಒಬ್ಬರು ತಡೆಯುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಒಂದು ಕೈ ನಡುಗುತ್ತದೆ, ಇನ್ನೊಂದು ಅದರ ಮೇಲೆ ಬಂದು ಕೂರುತ್ತದೆ. ಮಂದಾಕಿನಿಗೆ ತನ್ನ ಹನ್ನೆರಡು ವರ್ಷದ ಪತ್ರಗಳು ನೆನಪಾದವು: ಕಣ್ಣು ಕಾಣದ ಸಂಗೀತ ಮೇಷ್ಟ್ರು ಹೆಂಡತಿಯ ಕೈಯಿಂದ ಬರೆಸಿದ್ದು, ಅಪ್ಪನಿಗೆ ಕಲಿಸುತ್ತ ಕೂತ ಮಗಳು ಬರೆದದ್ದು. ಒಂದು ಮೇಜಿಗೆ ಒಬ್ಬರೇ ಕೂರುತ್ತಾರೆ ಎಂದು ಯಾರು ಹೇಳಿದ್ದರೋ, ಎಲ್ಲರೂ ನಂಬಿಬಿಟ್ಟಿದ್ದರು.

ಅರಳಿಕಟ್ಟಿ ಆ ದಿನವೇ ಮೇಲಿನವರಿಗೆ ಪತ್ರ ಬರೆದರು. ತಪ್ಪು ನನ್ನದು, ನಾಲ್ಕು ತಿಂಗಳು ಬೇಕು ಎಂದು ಎರಡೇ ಸಾಲು. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಪತ್ರ ಬರೆದದ್ದನ್ನು ಕಂಡು ಮಂದಾಕಿನಿಗೆ ಕಣ್ಣು ತುಂಬಿತು.

ಆ ನಾಲ್ಕು ತಿಂಗಳಲ್ಲಿ ಅವರು ಮಾಡಿದ ಕೆಲಸವನ್ನು ಮೆಚ್ಚದೆ ಇರಲಾಗದು. ಹೊಸ ಪಡಸಾಲೆ ಈಗ ಒಂಟಿಯಾಗಿ ಕೂತವರ ಕೈಯನ್ನು ಅವಸರಿಸುತ್ತಿರಲಿಲ್ಲ. ಬೆರಳು ಕೀಬೋರ್ಡು ಬಿಟ್ಟು ಮೌಸಿಗೆ ಬರುವ ತನಕ ತಾಳಿಕೊಂಡಿದ್ದು ಆಮೇಲೆ ಬೇಕಾದ್ದನ್ನು ಮುಂದಿಡುತ್ತಿತ್ತು. ಹಾವೇರಿಯ ಟೈಪಿಸ್ಟ್ "ಈಗ ಎರಡು ಕೈ ಸಾಕು" ಎಂದು ಬರೆದ. ಹೆಡ್ ಮಾಸ್ತರರ ಕಡತ ತನ್ನ ಬಲತುದಿಗೆ ಹಿಂತಿರುಗಿತು. ಇಬ್ಬರು ಕೂತರೆ ಯಂತ್ರಕ್ಕೆ ಅದು ಗೊತ್ತಾಗುತ್ತಿತ್ತು. ಒಬ್ಬರು ಮುಗಿಸಿದ್ದು ಇನ್ನೊಬ್ಬರಿಗೆ ತಿಳಿಯಲು ರೆಪ್ಪೆ ಬಡಿಯುವಷ್ಟು ಹೊತ್ತು ಬೇಕಷ್ಟೆ. ಆ ತಡವರಿಕೆಯೇ ಇಬ್ಬರಿದ್ದಾರೆ ಎಂಬುದರ ಗುರುತು. ಆಗ ಪರದೆಯ ತುದಿಯಲ್ಲಿ ಒಂದರ ಬದಲು ಎರಡು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿದ್ದವು. ಪರವಾನಗಿ ಕೊಡುವ ಇಲಾಖೆಯೂ ಮೂರು ಸಭೆ ನಡೆಸಿ ಕೊನೆಗೆ ಒಪ್ಪಿತು. ಅರ್ಜಿ ಕೇಂದ್ರದಲ್ಲಿ ಕೆಲಸ ಮಾಡುವವರಲ್ಲಿ ಪಡಸಾಲೆ ಯಾರ ಕೈಯನ್ನು ಬೇರೆಯೆಂದು ಗುರುತಿಸುವುದೋ ಅವರ ಹೆಸರು ಪರವಾನಗಿಯಲ್ಲಿ ಸೇರಬಹುದು, ಹಿಂದಿನದನ್ನು ಕೆದಕುವುದಿಲ್ಲ. ಗುರುತಿಸದಿದ್ದರೆ ಸೇರಿಸುವಂತಿಲ್ಲ.

ಕೊನೆಯ ಪರೀಕ್ಷೆಗೆ ಧಾರವಾಡಕ್ಕೆ ಬಂದ ಜೋಡಿಗಳಲ್ಲಿ ರೋಣದ ನೆಗೆಣ್ಣಿಯರೂ ಇದ್ದರು. ಬಸಲಿಂಗವ್ವ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸಂಗೀತ ಮೇಷ್ಟ್ರು ಮತ್ತು ಅವರ ಹೆಂಡತಿ ಕೂತ ನಿಮಿಷಕ್ಕೆ ಎರಡು ಚುಕ್ಕೆ ಬಂದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಮಗಳಿಗೂ ಬಂದವು. ಆಮೇಲೆ ಇವರ ಸರದಿ. ಇಬ್ಬರೂ ಕೂತು ಒಂದಿಡೀ ಅರ್ಜಿ ಮುಗಿಸಿದರು. ಎಂಜಿನಿಯರುಗಳು ಬಾಯಿ ತೆರೆದು ನೋಡಿದರು. ಪರದೆಯ ತುದಿಯಲ್ಲಿ ಮಾತ್ರ ಒಂದೇ ಚುಕ್ಕೆ.

ಇನ್ನೊಂದು ಅರ್ಜಿ ಕೊಟ್ಟರು. ಒಂದೇ ಚುಕ್ಕೆ. ಸ್ವಲ್ಪ ಅವಸರ ಬಿಟ್ಟು ಮಾಡಿ ಎಂದು ಅರಳಿಕಟ್ಟಿ ಬೇಡಿಕೊಂಡರು. ಮಹಾನಂದಾ ನಿಧಾನಿಸಿದರೆ ಬಸಲಿಂಗವ್ವನ ಕೈಯೂ ಅಷ್ಟೇ ನಿಧಾನವಾಗುತ್ತಿತ್ತು. ಬೇಕೆಂದೇ ತಪ್ಪಿ ಎಂದರೆ ಇಬ್ಬರೂ ಜೊತೆಗೇ ತಪ್ಪಿದರು. ಎಡಗೈಯಲ್ಲಿ ಮೌಸು ಹಿಡಿಯುವ ಒಬ್ಬರೇ ಮಹಾಶಯರು ಎಂದು ಯಂತ್ರ ಹಟ ಹಿಡಿದು ಕೂತಿತ್ತು. ಯಾರಿಗಾಗಿ ಇಷ್ಟೆಲ್ಲ ಕಟ್ಟಿದ್ದರೋ ಅವರನ್ನೇ ಅದು ಒಪ್ಪಲಿಲ್ಲ.

ಬಸಲಿಂಗವ್ವ ಮೌಸು ಬಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಬಿಡ್ರಿ ಸಾಹೇಬ್ರ. ನಾ ಒಬ್ಬಾಕಿ ಇಲ್ಲಿ ಅದೀನಿ ಅನ್ನೂದಽ ಅದಕ್ಕ ತಿಳೀವಲ್ದು. ಏನ್ ಮಾಡಾಕಾಗತೈತಿ?"

ಅರಳಿಕಟ್ಟಿ ತಲೆ ತಗ್ಗಿಸಿದರು. ಮಂದಾಕಿನಿ ಮಾತ್ರ ಆ ಎರಡು ಕುರ್ಚಿಗಳನ್ನೇ ನೋಡುತ್ತ ನಿಂತಿದ್ದಳು. ಬೇರೆ ಯಾರಾದರೂ ರೊಟ್ಟಿ ತಟ್ಟಲು ಕೂತರೆ ಹಂಚಿನ ಬಳಿ ಏನಾದೀತು?

"ಮಹಾನಂದಾ ಅವರ, ನೀವು ಸ್ವಲ್ಪ ಏಳ್ರಿ" ಎಂದು ತಾನೇ ಕೀಬೋರ್ಡಿನ ಮುಂದೆ ಕೂತಳು. "ಬಸಲಿಂಗವ್ವಾರ, ಮೌಸು ಹಿಡೀರಿ."

ನಡೆದದ್ದು ರಂಪಾಟ. ಮಂದಾಕಿನಿ ಹೆಸರು ಬರೆದು ಮುಗಿಸುವಷ್ಟರಲ್ಲಿ ಬಸಲಿಂಗವ್ವ ಎರಡು ಪುಟ ಮುಂದಿದ್ದಳು. ಅವಳು ಹಿಂದೆ ಬಂದರೆ ಇವಳು ಮುಂದೆ ಹೋಗಿದ್ದಳು. ಹೋಬಳಿಯ ಜಾಗದಲ್ಲಿ ವಯಸ್ಸು ಬಿತ್ತು. "ಅಯ್ಯ ಅಕ್ಕಾರ, ಎಲ್ಲಿಗ್ ಹೊಂಟ್ರಿ? ಇತ್ತಾಗ ಬರ್ರಿ! ಬೆರಳಿಗೇನ್ ಮೆಹಂದಿ ಹಚಗೊಂಡೀರೇನು?" ಎಂದು ಬಸಲಿಂಗವ್ವ ರೇಗಿದಳು. ಸುತ್ತ ನಿಂತವರು ನಕ್ಕರು. ಆ ನಗುವಿನ ನಡುವೆ ಪರದೆಯ ತುದಿಯಲ್ಲಿ ಎರಡನೆಯ ಚುಕ್ಕೆ ಹಸಿರಾಗಿ ಹೊತ್ತಿಕೊಂಡಿತು.

ಯಂತ್ರ ಮೆಲುದನಿಯಲ್ಲಿ ಹೇಳಿತು: "ಮಂದಾಕಿನಿಯವರ ಜೊತೆ ಇನ್ನೊಬ್ಬರು ಕೂತಿದ್ದೀರಿ. ನಿಮ್ಮ ಹೆಸರು?"

"ಮಹಾನಂದಾ ಶಿವಯೋಗಿ ಮೆಣಸಗಿ" ಎಂದಳು ಬಸಲಿಂಗವ್ವ, ತಟ್ಟನೆ.

ಹನ್ನೊಂದು ವರ್ಷ ದಿನಾ ಬೆಳಗ್ಗೆ ಕಸ ಗುಡಿಸಿ ಯಂತ್ರ ಹಚ್ಚುತ್ತಿದ್ದವಳು ಅವಳೇ. ಅದು ಹೆಸರು ಕೇಳಿದಾಗಲೆಲ್ಲ ಅವಳು ಹೇಳಿದ್ದು ಅದೊಂದನ್ನೇ. ಬೇರೆ ಉತ್ತರ ಇದ್ದೀತೆಂದು ಅವಳಿಗೆ ಹೊಳೆಯಲೂ ಇಲ್ಲ. ಯಾರೋ ನಗಲು ಹೋಗಿ ನಿಲ್ಲಿಸಿದರು. ಮಹಾನಂದಾ ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಅಳುತ್ತಿದ್ದಳು.

"ಅದು ನನ್ನ ಹೆಸರು, ಅಕ್ಕಾ. ಅದು ನಿನ್ನ ಕೇಳಾಕತ್ತೈತಿ."

ಬಸಲಿಂಗವ್ವ ಪರದೆಯನ್ನು ನೋಡಿದಳು, ಮೌಸಿನ ಮೇಲಿದ್ದ ತನ್ನ ಕೈಯನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದಳು.

"ಬಸಲಿಂಗವ್ವ ರೀ. ಬಸಲಿಂಗವ್ವ ಕಲ್ಲಪ್ಪ ಮೆಣಸಗಿ" ಎಂದಳು. "ಹನ್ನೊಂದು ವರ್ಷದಿಂದ ಇಲ್ಲೇ ಅದೀನಿ."